ಶಾಲಾ ಮಸೀದಿಯ ನಿರ್ವಹಣೆ: ಮಕ್ಕಳ ಕೈಗೆ ಅಮಾನತ್ ಒಪ್ಪಿಸುವ ಬಗೆ

ಮಧ್ಯಾಹ್ನದ ಝುಹರ್ ನಮಾಝ್ ನಾಲ್ಕು ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ನಾಲ್ಕು ಸುತ್ತು). ಸಾವಧಾನವಾಗಿ ಮಾಡಿದರೂ ಏಳೆಂಟು ನಿಮಿಷ ಸಾಕು. ಆದರೆ ಒಂದು ಮಗು ತರಗತಿಯಿಂದ ಹೊರಟು ಮತ್ತೆ ತರಗತಿಗೆ ಮರಳುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಚಪ್ಪಲಿ ಬಿಡುವುದು, ನಲ್ಲಿಯ ಮುಂದೆ ಸರದಿ ಕಾಯುವುದು, ಒದ್ದೆ ಕಾಲು ಒರೆಸಿಕೊಳ್ಳುವುದು, ಸಫ್‌ನಲ್ಲಿ (ನಮಾಝ್ ಸಾಲಿನಲ್ಲಿ) ಜಾಗ ಹುಡುಕುವುದು, ಹೊರಬಂದು ತನ್ನ ಚಪ್ಪಲಿಯನ್ನೇ ಹಾಕಿಕೊಳ್ಳುವುದು. ಮಗುವಿನ ಅಖ್ಲಾಕ್ (ನಡತೆ) ತಿದ್ದುವುದೋ ಕೆಡುವುದೋ ಹೆಚ್ಚಾಗಿ ಈ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ. ನಮಾಝ್ ನೀಚ ಕೃತ್ಯಗಳಿಂದಲೂ ಕೆಡುಕಿನಿಂದಲೂ ತಡೆಯುತ್ತದೆ ಎನ್ನುತ್ತದೆ ಕುರ್‌ಆನ್ (29:45). ನೂಕಾಡಿಕೊಂಡು ಒಳಬಂದು, ನೂಕಾಡಿಕೊಂಡೇ ಹೊರಹೋಗುವ ಮಕ್ಕಳನ್ನು ಕಂಡಾಗ ಬದಲಾಗಬೇಕಾದದ್ದು ಮಸೀದಿ ನಡೆಸುವ ರೀತಿ.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿದೆ: ಮಸೀದಿಯ ನಿಜವಾದ ಕೆಲಸಗಳನ್ನು ಅಮಾನತ್ ಆಗಿ, ಅಂದರೆ ನಂಬಿ ಕೊಟ್ಟ ಹೊಣೆಯಾಗಿ, ಮಕ್ಕಳಿಗೆ ಒಪ್ಪಿಸಬೇಕು, ದೊಡ್ಡವರು ಜೊತೆಗಿರಬೇಕು, ತಪ್ಪಿದಾಗ ಮೆಲ್ಲಗೆ ತಿದ್ದಬೇಕು. ಪ್ರಾಮಾಣಿಕತೆ, ಸಹನೆ, ಶುಚಿತ್ವಗಳ ಕುರಿತು ಎಷ್ಟು ಭಾಷಣ ಮಾಡಿದರೂ ಅದು ಕೈಯಲ್ಲಿ ಒಂದು ಕೀಲಿಕೈ ಹಿಡಿದಷ್ಟು ಕಲಿಸದು.

ಯಾರ ಕೈಯಲ್ಲಿ ಏನು

ಒಬ್ಬ ಅಧ್ಯಾಪಕರು, ಒಬ್ಬ ಅಧ್ಯಾಪಕಿ ಹೊಣೆ ಹೊರಲಿ. ಅವರ ಕೆಳಗೆ ವಿದ್ಯಾರ್ಥಿ ತಂಡ. ನೂರೈವತ್ತು ಮಕ್ಕಳು ನಮಾಝ್‌ಗೆ ಬರುವ ಶಾಲೆಯಲ್ಲಿ ಹುಡುಗರ ಕಡೆ 12, ಹುಡುಗಿಯರ ಕಡೆ 12 ಜನ ಇದ್ದರೆ ಕೆಲಸ ಸಲೀಸು. ಆರು ಕೆಲಸ, ಪ್ರತಿಯೊಂದಕ್ಕೂ ಇಬ್ಬರು: ಸಮಯ ಮತ್ತು ಅಝಾನ್ (ನಮಾಝ್‌ನ ಕರೆ), ಸಫ್, ವುಝೂ (ನಮಾಝ್‌ಗೆ ಮುನ್ನ ಕೈ, ಮುಖ, ಕಾಲು ತೊಳೆಯುವ) ಜಾಗ, ಬಾಗಿಲು ಮತ್ತು ಚಪ್ಪಲಿ, ಕುರ್‌ಆನ್ ಕಪಾಟು, ಸದಕಾ (ದಾನ) ಲೆಕ್ಕ. ಅಝಾನ್ ಇರುವುದು ಹುಡುಗರ ಕಡೆ. ಹುಡುಗಿಯರ ಕಡೆಯ ಮೊದಲ ಜೋಡಿ ಸಮಯವನ್ನೂ ಧ್ವನಿವರ್ಧಕವನ್ನೂ ನೋಡಿಕೊಳ್ಳಲಿ. ಜೋಡಿಯಲ್ಲಿ ಒಬ್ಬರು ಮೇಲಿನ ತರಗತಿಯವರು, ಇನ್ನೊಬ್ಬರು ಕೆಳಗಿನ ತರಗತಿಯವರು. ಮೂರು ತಿಂಗಳಿಗೊಮ್ಮೆ ಮೇಲಿನವರು ಇಳಿಯುತ್ತಾರೆ, ಕೆಳಗಿನವರು ಅವರ ಜಾಗಕ್ಕೆ ಏರುತ್ತಾರೆ, ಕೊನೆಯ ವಾರ ಹಳಬರೂ ಹೊಸಬರೂ ಕೂಡಿ ಕೆಲಸ ಮಾಡುತ್ತಾರೆ. ಆ ಒಂದು ವಾರದ ಜೊತೆಗೆಲಸವನ್ನು ಕೈಬಿಟ್ಟರೆ ಪ್ರತಿ ಸಲವೂ ಮೊದಲಿಂದ ಕಲಿಸಬೇಕಾಗುತ್ತದೆ.

ಪ್ರತಿ ಕೆಲಸವನ್ನೂ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಡಿ. ‘ವುಝೂ ಜಾಗ ನೋಡಿಕೊಳ್ಳುವುದು’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ‘ಜಮಾಅತ್‌ಗೆ (ಸಾಮೂಹಿಕ ನಮಾಝ್‌ಗೆ) 15 ನಿಮಿಷ ಮೊದಲು ಎಲ್ಲ ನಲ್ಲಿ ತಿರುಗಿಸಿ ನೋಡು, ಕಾಲೊರಸು ಒಣಗಿದೆಯೇ ನೋಡು, ಕೊನೆಯವನು ಹೋದ ಮೇಲೆ ತೊಟ್ಟಿಕ್ಕುವ ನಲ್ಲಿ ನಿಲ್ಲಿಸು, ಕೆಟ್ಟದ್ದನ್ನು ಪುಸ್ತಕದಲ್ಲಿ ಬರೆ’ ಎಂದು ಬರೆಯಿರಿ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು, ಈಗಾಗಲೇ ಒಳ್ಳೆಯವರೆಂದು ಹೆಸರಾದ ಮಕ್ಕಳನ್ನೇ ಆರಿಸುವುದು. ಗದ್ದಲ ಮಾಡುವ ಹುಡುಗನಿಗೆ ಸಫ್‌ನ ಹೊಣೆ ಕೊಟ್ಟು ನೋಡಿ. ತಂಡದ ಮೂರನೇ ಒಂದು ಪಾಲನ್ನಾದರೂ ಅಂಥವರಿಗೆ ಮೀಸಲಿಡಿ. ಎರಡನೆಯದು, ಮಗು ಮರೆತ ಕೆಲಸವನ್ನು ಅಧ್ಯಾಪಕರು ಬೇಗ ಮುಗಿಯಲೆಂದು ತಾವೇ ಮಾಡಿಬಿಡುವುದು. ಒಂದು ದಿನ ಕಾಲೊರಸು ಒದ್ದೆಯಾಗಿಯೇ ಇರಲಿ. ನಾಲ್ಕು ಜನ ಬಂದು ಕೇಳಲಿ. ಮರುದಿನ ಆ ಮಗು ಮರೆಯುವುದಿಲ್ಲ.

ಗುಡಿಸುವ ಕೆಲಸ ಮಾತ್ರ ಯಾವ ತಂಡಕ್ಕೂ ಮೀಸಲಲ್ಲ. ಎಲ್ಲ ತರಗತಿಗಳಿಗೂ ಸರದಿಯಂತೆ ಬರಲಿ, ಆ ದಿನ ತರಗತಿಯ ಅಧ್ಯಾಪಕರೂ ಪೊರಕೆ ಹಿಡಿಯಲಿ. ತಪ್ಪು ಮಾಡಿದವನಿಗೆ ‘ಹೋಗಿ ಮಸೀದಿ ಗುಡಿಸು’ ಎಂದು ಶಿಕ್ಷೆ ಕೊಟ್ಟ ದಿನವೇ ಆ ಕೆಲಸದ ಮರ್ಯಾದೆ ಹೋಯಿತು. ಪ್ರವಾದಿ(ಸ)ಯವರ ಮಸೀದಿಯನ್ನು ಗುಡಿಸುತ್ತಿದ್ದ ಮಹಿಳೆ ತೀರಿಕೊಂಡಾಗ ಜನ ಅದನ್ನು ಸಣ್ಣ ವಿಷಯವೆಂದು ಬಗೆದು ಅವರಿಗೆ ತಿಳಿಸಿರಲಿಲ್ಲ. ತಿಳಿದ ಮೇಲೆ ಅವರು ಆಕೆಯ ಸಮಾಧಿಯ ಬಳಿ ಹೋಗಿ ನಮಾಝ್ ಮಾಡಿದರು. ಗುಡಿಸುವ ಸರದಿ ಆರಂಭವಾಗುವ ವಾರ ಈ ಹದೀಸನ್ನು (ಪ್ರವಾದಿಯವರ ನಡೆನುಡಿಯ ವರದಿಯನ್ನು) ಮಕ್ಕಳಿಗೆ ಹೇಳಿ. ಬುಖಾರಿ, ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ.

ಜಾಗ, ದಿಕ್ಕು, ಹೊತ್ತು

ಒಬ್ಬರಿಗೆ 60 ಸೆಂಟಿಮೀಟರ್ ಅಗಲ, ಸಫ್‌ನಿಂದ ಸಫ್‌ಗೆ 120 ಸೆಂಟಿಮೀಟರ್. 9 ಮೀಟರ್ ಅಗಲ, 12 ಮೀಟರ್ ಉದ್ದದ ಕೋಣೆಯಲ್ಲಿ ಸಫ್‌ಗೆ 15 ಜನರಂತೆ, ಇಮಾಮರ ಜಾಗ ಬಿಟ್ಟು 9 ಸಫ್: ಒಟ್ಟು 135. ಇದನ್ನು ಮೀರಿದರೆ ಎರಡು ಜಮಾಅತ್ ಮಾಡಿ. ಒಬ್ಬರ ಬೆನ್ನಿಗೆ ಇನ್ನೊಬ್ಬರ ಹಣೆ ತಾಗುವಲ್ಲಿ ಮಕ್ಕಳ ಗಮನ ಹಣೆ ನೆಲಕ್ಕಿಡುವ ಸುಜೂದ್‌ನಲ್ಲಿ ನಿಲ್ಲುವುದಿಲ್ಲ. ನಗು, ತಿವಿತ ಹುಟ್ಟುವುದು ಅಲ್ಲೇ.

ನೆಲಹಾಸಿನ ಗೆರೆ ತಪ್ಪಿದ್ದರೆ ವರ್ಷಗಟ್ಟಲೆ ಎಲ್ಲರೂ ತಪ್ಪು ದಿಕ್ಕಿಗೆ ನಿಲ್ಲುತ್ತಾರೆ. ಕಬ್ಬಿಣದ ಕಂಬಿ, ಕಿಟಕಿ ಚೌಕಟ್ಟುಗಳ ಬಳಿ ದಿಕ್ಸೂಚಿಯ ಮುಳ್ಳು ಓರೆಯಾಗುತ್ತದೆ, ಫೋನಿನದೂ ಅಷ್ಟೇ. ಸೂರ್ಯನೇ ನಿಖರ. ಪ್ರತಿ ವರ್ಷ ಮೇ 27 ಅಥವಾ 28ರಂದು ಮಕ್ಕಾದ ಸಮಯ 12:18ರ ಸುಮಾರಿಗೆ, ಜುಲೈ 15 ಅಥವಾ 16ರಂದು 12:27ರ ಸುಮಾರಿಗೆ ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿಗೆ ನಿಮ್ಮಲ್ಲಿ ಬಿಸಿಲಿದ್ದರೆ ದಾರಕ್ಕೆ ಭಾರ ಕಟ್ಟಿ ತೂಗುಬಿಡಿ. ನೆಲದ ಮೇಲಿನ ನೆರಳಿನ ತುದಿಯಿಂದ ದಾರದ ಬುಡದತ್ತ ಎಳೆದ ಗೆರೆಯೇ ಕಿಬ್ಲಾ, ಅಂದರೆ ನಮಾಝ್‌ನಲ್ಲಿ ಮುಖ ಮಾಡಬೇಕಾದ ಕಅಬಾದ ದಿಕ್ಕು. ಇದನ್ನು ಮೇಲಿನ ತರಗತಿಯ ಮಕ್ಕಳಿಂದಲೇ ಮಾಡಿಸಿ. ಭೂಗೋಳ, ಗಣಿತ, ದೀನ್ (ಧರ್ಮ) ಮೂರೂ ಒಂದೇ ಅಂಗಳದಲ್ಲಿ ಕೂಡುವ ಇಂಥ ಪಾಠ ಅಪರೂಪ.

ಝುಹರ್‌ನ ಹೊತ್ತು ಸೂರ್ಯ ನೆತ್ತಿಯಿಂದ ಸರಿದಾಗ ಆರಂಭವಾಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಇದು ವರ್ಷದೊಳಗೆ ಸುಮಾರು ಅರ್ಧ ಗಂಟೆ ಅತ್ತಿತ್ತ ಆಗುತ್ತದೆ: ಫೆಬ್ರವರಿ ನಡುವಿನಲ್ಲಿ ಅತಿ ತಡ, ನವೆಂಬರ್ ಆರಂಭದಲ್ಲಿ ಅತಿ ಬೇಗ. ಫೆಬ್ರವರಿಯ ಹೊತ್ತಿಗೆ ಹತ್ತು ನಿಮಿಷ ಕೂಡಿಸಿ ಜಮಾಅತ್ ಗೊತ್ತುಮಾಡಿದರೆ ವರ್ಷವಿಡೀ ವೇಳಾಪಟ್ಟಿ ಬದಲಿಸಬೇಕಿಲ್ಲ. (ಬೇಸಿಗೆಗೆ ಗಡಿಯಾರ ಮುಂದೂಡುವ ದೇಶಗಳಲ್ಲಿ ಮಾತ್ರ ಎರಡು ಪಟ್ಟಿ ಬೇಕು.) ಸಂಜೆಗೆ ಮುಂಚಿನ ಅಸರ್‌ನ ಹೊತ್ತು ಹೆಚ್ಚು ಜಾರುತ್ತದೆ, ಅದಕ್ಕೆ ತಿಂಗಳ ಪಟ್ಟಿ ಬೇಕೇ ಬೇಕು.

ವೇಳಾಪಟ್ಟಿಯಲ್ಲಿ ನಮಾಝ್‌ಗೆ 30 ನಿಮಿಷ ಕೊಡಿ. 15 ನಿಮಿಷ ಕೊಟ್ಟು ಮಕ್ಕಳು ಓಡುತ್ತಾರೆಂದು ಗದರುವುದು ನ್ಯಾಯವಲ್ಲ. ಇಕಾಮತ್ (ಜಮಾಅತ್ ಆರಂಭದ ಕರೆ) ಕೇಳಿದರೂ ಓಡಬೇಡಿ, ಶಾಂತವಾಗಿ ನಡೆದು ಬನ್ನಿ ಎಂಬ ಪ್ರವಾದಿ(ಸ)ಯವರ ಮಾತನ್ನು ಪಾಲಿಸಲು ಹೊತ್ತೂ ಇರಬೇಕಲ್ಲ.

ವುಝೂ ಜಾಗ

ಹೆಚ್ಚಿನ ತೊಂದರೆ ಹುಟ್ಟುವುದೂ, ಹೆಚ್ಚು ಕಲಿಸಲು ಆಗುವುದೂ ಇಲ್ಲಿಯೇ.

ಮೊದಲು ನಲ್ಲಿಗಳ ಲೆಕ್ಕ. ಒಂದು ಮಗುವಿಗೆ ಎರಡು ನಿಮಿಷ. 12 ನಿಮಿಷದಲ್ಲಿ ಒಂದು ನಲ್ಲಿಗೆ ಆರು ಮಕ್ಕಳು. 135 ಮಕ್ಕಳಿಗೆ 23 ನಲ್ಲಿ ಬೇಕು. ಅಷ್ಟು ಇರುವುದಿಲ್ಲ. ಹತ್ತೇ ನಲ್ಲಿ ಇದ್ದರೆ, ವುಝೂ ಮುರಿದವರಿಗಾಗಿ (ಮತ್ತೆ ಮಾಡಬೇಕಾದವರಿಗಾಗಿ) ಎರಡನ್ನು ಖಾಲಿ ಬಿಟ್ಟು, ಉಳಿದ ಎಂಟರಲ್ಲಿ 48 ಮಕ್ಕಳಷ್ಟೇ ಆ ಹೊತ್ತಿಗೆ ವುಝೂ ಮಾಡಲಿ. ಉಳಿದ ತರಗತಿಗಳು ಹಿಂದಿನ ಬಿಡುವಿನಲ್ಲೇ ವುಝೂ ಮಾಡಿಟ್ಟುಕೊಳ್ಳಲಿ, ವಾರಕ್ಕೊಮ್ಮೆ ಸರದಿ ಬದಲಾಗಲಿ. ವುಝೂ ಮುರಿಯಿತೆಂದು ನಿಜ ಹೇಳಿ ಸಫ್ ಬಿಟ್ಟು ಬರುವ ಮಗುವನ್ನು ಯಾರೂ ‘ಯಾಕೆ, ಏನು’ ಎಂದು ಕೇಳಕೂಡದು. ಕೇಳಿದರೆ ಮರುದಿನ ಅದು ವುಝೂ ಇಲ್ಲದೆಯೇ ನಿಂತು ನಮಾಝ್ ಮಾಡುತ್ತದೆ, ಜೊತೆಗೆ ಸುಳ್ಳನ್ನೂ ಕಲಿಯುತ್ತದೆ.

ಇನ್ನು ನೀರು. ಪೂರ್ತಿ ತಿರುಗಿಸಿದ ನಲ್ಲಿಯಿಂದ ನಿಮಿಷಕ್ಕೆ 6ರಿಂದ 10 ಲೀಟರ್ ಹರಿಯುತ್ತದೆ. ಎರಡು ನಿಮಿಷ ತೆರೆದೇ ಇಟ್ಟರೆ ಒಂದು ವುಝೂಗೆ ಒಂದು ಬಕೆಟ್. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಒಂದು ಮುದ್ದ್ ಎಂದರೆ ಬೇರೆ ಬೇರೆ ಧರ್ಮಶಾಸ್ತ್ರ ಪಂಥಗಳ, ಅಂದರೆ ಮದ್‌ಹಬ್‌ಗಳ ಲೆಕ್ಕದಲ್ಲಿ ಅರ್ಧದಿಂದ ಒಂದು ಲೀಟರಿನಷ್ಟು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ, ಮಾಡಿಸಿ ತೋರಿಸಬೇಕು:

1. ಒಂದು ಲೀಟರಿನ ಮಗ್‌ನಲ್ಲಿ ನೀರು ತುಂಬಿ ಕೊಡಿ. ಅಷ್ಟರಲ್ಲೇ ಇಡೀ ವುಝೂ ಮುಗಿಸಲಿ. ಮೊದಲ ಸಲ ಕಾಲಿಗೆ ಬರುವಷ್ಟರಲ್ಲಿ ನೀರು ಮುಗಿಯುತ್ತದೆ, ಮೂರನೇ ಸಲಕ್ಕೆ ಮಿಗುತ್ತದೆ.
2. ಅದೇ ಮಗು ನಲ್ಲಿಯಲ್ಲಿ ಎಂದಿನಂತೆ ವುಝೂ ಮಾಡಲಿ, ಕೆಳಗೆ ಬಕೆಟ್ ಇಡಿ. ಬಕೆಟ್‌ನಲ್ಲಿ ಎಷ್ಟು ಲೀಟರ್ ಬಂತೆಂದು ಅದೇ ಅಳೆಯಲಿ.
3. ನಲ್ಲಿಗೆ ನೀರು ಬರುವ ಕೊಳವೆಯ ವಾಲ್ವನ್ನು ಸ್ವಲ್ಪ ಮುಚ್ಚಿ, ಲೀಟರಿನ ಬಾಟಲಿ ತುಂಬಲು 20 ಸೆಕೆಂಡ್ ಹಿಡಿಯುವಂತೆ ಹೊಂದಿಸಿ. ಅದಕ್ಕಿಂತ ಸಣ್ಣಗೆ ಮಾಡಬೇಡಿ. ನೀರು ಸಾಲದೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಾರೆ, ಸಾಲು ಬೆಳೆಯುತ್ತದೆ.

ನೀರು ಉಳಿಸುವ ಆತುರದಲ್ಲಿ ಹಿಮ್ಮಡಿ ಒಣಗಿ ಉಳಿಯುವುದುಂಟು. ‘ಒಣಗಿ ಉಳಿದ ಹಿಮ್ಮಡಿಗಳಿಗೆ ನರಕಾಗ್ನಿಯ ಕೇಡು’ ಎಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಚಿಕ್ಕ ಮಕ್ಕಳನ್ನು ಜೋಡಿ ಮಾಡಿ, ಒಬ್ಬರ ಮೊಣಕೈ, ಹಿಮ್ಮಡಿ ಇನ್ನೊಬ್ಬರು ನೋಡಲಿ. ತಪ್ಪನ್ನು ಕಿವಿಯ ಬಳಿ ಹೇಳಬೇಕು, ಕೂಗಿ ಹೇಳಬಾರದು ಎಂಬ ನಿಯಮವೂ ಇರಲಿ. ಇನ್ನೊಬ್ಬರ ಕೊರತೆ ಮುಚ್ಚಿಟ್ಟು ತಿದ್ದುವ ಗುಣ ಹೀಗೆ ಮೈಗೂಡುತ್ತದೆ.

ನೆಲ ಜಾರದಂತಿರಲಿ, ಮೀಟರಿಗೆ ಒಂದೆರಡು ಸೆಂಟಿಮೀಟರ್ ಚರಂಡಿಯತ್ತ ಇಳಿಜಾರಿರಲಿ. ಚಪ್ಪಲಿ ಬಿಡುವ ಜಾಗ, ನಲ್ಲಿ, ಕಾಲೊರಸು, ಹಾಸು ಈ ಕ್ರಮ ಕೆಟ್ಟರೆ ಒದ್ದೆ ಕಾಲಿಗೆ ಮಣ್ಣು ಮೆತ್ತಿ ಹಾಸಿನ ಮೇಲೆ ಬರುತ್ತದೆ. ಹಾಸು ನಾರುವುದಕ್ಕೆ ಬಹುಪಾಲು ಕಾರಣ ಒದ್ದೆ ಕಾಲು ಮತ್ತು ಮುಚ್ಚಿದ ಕಿಟಕಿ. ಸುಗಂಧ ಹಾಕಿದರೆ ವಾಸನೆ ಮುಚ್ಚುತ್ತದೆ ಅಷ್ಟೇ. ನಮಾಝ್ ಮುಗಿದ ಮೇಲೆ ಒಂದು ಗಂಟೆ ಕಿಟಕಿ ತೆರೆದಿಡಿ, ಕಾಲೊರಸನ್ನು ದಿನವೂ ಬಿಸಿಲಿಗೆ ಹಾಕಿ, ಎರಡು ಜೊತೆ ಇಟ್ಟುಕೊಳ್ಳಿ. ಬೆರಳ ಸಂದು ಒರೆಸದೆ ಒದ್ದೆ ಕಾಲುಚೀಲ ಹಾಕಿಕೊಳ್ಳುವ ಮಕ್ಕಳಲ್ಲಿ ಶಿಲೀಂಧ್ರದ ತುರಿಕೆ ಹರಡುತ್ತದೆ. ಎಲ್ಲರಿಗೂ ಒಂದೇ ಟವೆಲ್ ನೇತುಹಾಕಬೇಡಿ.

ಅಝಾನ್, ಇಮಾಮತ್, ಸಫ್

ಅಝಾನ್‌ಗೆ ಒಳ್ಳೆಯ ದನಿಯ ಒಬ್ಬನನ್ನೇ ಕಾಯಂ ಮಾಡಬೇಡಿ. ಕಲಿತವರೆಲ್ಲರಿಗೂ ಸರದಿ ಬರಲಿ. ಅಝಾನನ್ನು ಅಣಕಿಸುತ್ತಿದ್ದ ಹುಡುಗ ಅಬೂ ಮಹ್‌ಝೂರಾರನ್ನು ಪ್ರವಾದಿ(ಸ)ಯವರು ಕರೆದು, ತಾವೇ ಅಝಾನ್ ಕಲಿಸಿ, ಮಕ್ಕಾದ ಮುಅಝ್ಝಿನ್ (ಅಝಾನ್ ಕೂಗುವವರು) ಮಾಡಿದರು. ಹಿಂದಿನ ಸಾಲಿನಲ್ಲಿ ಅಣಕಿಸುವವನನ್ನು ಹೊರಗೆ ಕಳಿಸುವ ಮುನ್ನ ಇದನ್ನು ನೆನೆಯಿರಿ. ಧ್ವನಿವರ್ಧಕ ಮಸೀದಿಯ ಒಳಗಷ್ಟೇ ಕೇಳಲಿ. ಪಕ್ಕದ ತರಗತಿಯಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ಅದೂ ಬೇಡ.

ಇಮಾಮತ್ (ನಮಾಝ್‌ನ ಮುಂದಾಳತ್ವ) ಯಾರದು ಎಂಬುದನ್ನು ನಿಮ್ಮ ಊರಿನ ಉಲಮಾಗಳನ್ನು (ಧರ್ಮ ವಿದ್ವಾಂಸರನ್ನು) ಕೇಳಿ ಗೊತ್ತುಮಾಡಿ. ಪ್ರಾಯಕ್ಕೆ ಬರದ ಹುಡುಗ ದೊಡ್ಡವರಿಗೆ ಇಮಾಮ್ ಆಗುವುದನ್ನು ಶಾಫಿಈ ಮದ್‌ಹಬ್ ಒಪ್ಪುತ್ತದೆ, ಹನಫಿ ಮದ್‌ಹಬ್ ಕಡ್ಡಾಯದ ಫರ್ಝ್ ನಮಾಝ್‌ನಲ್ಲಿ ಒಪ್ಪುವುದಿಲ್ಲ. ಎರಡೂ ಮದ್‌ಹಬ್‌ನ ಮಕ್ಕಳಿರುವ ಕಡೆ ಪ್ರಾಯಕ್ಕೆ ಬಂದ ವಿದ್ಯಾರ್ಥಿಯೋ ಅಧ್ಯಾಪಕರೋ ನಿಂತರೆ ಯಾರ ಮನಸ್ಸಿಗೂ ಸಂದೇಹವಿರದು. ಕೈ ಎಲ್ಲಿ ಕಟ್ಟುವುದು, ಆಮೀನ್ ಗಟ್ಟಿಯಾಗಿಯೋ ಮೆತ್ತಗೋ ಎಂಬಲ್ಲಿ ಒಬ್ಬರನ್ನೊಬ್ಬರು ತಿದ್ದಲು ಬಿಡಬೇಡಿ. ವರ್ಷಾರಂಭದಲ್ಲೇ ‘ಇದೂ ಸುನ್ನತ್, ಅದೂ ಸುನ್ನತ್’ ಎಂದು, ಅಂದರೆ ಎರಡೂ ಪ್ರವಾದಿ(ಸ)ಯವರ ರೂಢಿಯೇ ಎಂದು ತಿಳಿಹೇಳಿ.

ನಮಾಝ್ ಹಗುರವಾಗಿರಲಿ. ಜನರಿಗೆ ಇಮಾಮ್ ಆದವರು ದೀರ್ಘ ಮಾಡಬೇಡಿ, ಅವರಲ್ಲಿ ಬಲಹೀನರೂ ರೋಗಿಗಳೂ ಇರುತ್ತಾರೆ ಎಂಬ ಆಜ್ಞೆಯಿದೆ. ರಾತ್ರಿಯ ಇಶಾದಲ್ಲಿ ಕುರ್‌ಆನ್‌ನ ಅತಿ ಉದ್ದದ ಅಧ್ಯಾಯವಾದ ಅಲ್ ಬಕರಾ ಓದಿದ ಸಂಗಾತಿ ಮುಆಝ್(ರ)ರನ್ನು ಪ್ರವಾದಿ(ಸ)ಯವರು ‘ನೀನು ಜನರನ್ನು ಫಿತ್ನಾಕ್ಕೆ (ಕಷ್ಟದ ಪರೀಕ್ಷೆಗೆ) ದೂಡುತ್ತೀಯಾ?’ ಎಂದು ತರಾಟೆಗೆ ತೆಗೆದುಕೊಂಡದ್ದೂ ದಾಖಲಾಗಿದೆ. ಹಗುರ ಎಂದರೆ ಅವಸರ ಅಲ್ಲ: ಬಾಗುವ ರುಕೂಅ್, ಸುಜೂದ್‌ಗಳಲ್ಲಿ ಮೂರು ತಸ್ಬೀಹ್ (ದೇವಸ್ತುತಿ) ಒಂದು ಮಗು ನಿಧಾನವಾಗಿ ಹೇಳುವಷ್ಟು ಹೊತ್ತು ಕೊಡಿ.

ಸಫ್‌ನ ಜೋಡಿ ಭುಜ ಮುಟ್ಟಿ ನೇರ ಮಾಡಲಿ, ತಳ್ಳಬಾರದು. ಮೊದಲು ಬಂದ ಚಿಕ್ಕ ಮಗುವನ್ನು ಎಬ್ಬಿಸಿ ದೊಡ್ಡವರಿಗೆ ಜಾಗ ಕೊಡಿಸುವುದು ಬೇಡ. ಬೇಗ ಬಂದದ್ದಕ್ಕೆ ಅವಮಾನ ಸಿಕ್ಕಿತೆಂದೇ ಅದು ನೆನಪಿಟ್ಟುಕೊಳ್ಳುತ್ತದೆ. ಗದ್ದಲದ ಮಕ್ಕಳನ್ನೆಲ್ಲ ಹಿಂದೆ ಒಟ್ಟು ಹಾಕುವುದೂ ತಪ್ಪು. ಇಬ್ಬರು ದೊಡ್ಡವರ ನಡುವೆ ಒಬ್ಬ ಎಂಬಂತೆ ಹಂಚಿದರೆ ಅರ್ಧ ಗದ್ದಲ ತಾನಾಗಿ ಇಳಿಯುತ್ತದೆ.

ಅಧ್ಯಾಪಕರು ಸಫ್‌ನಲ್ಲಿ ನಿಲ್ಲಲಿ. ಕೋಲು ಹಿಡಿದು ಹಿಂದೆ ಅಡ್ಡಾಡುವ ಅಧ್ಯಾಪಕರನ್ನು ನೋಡಿ ಮಗು ಕಲಿಯುವುದು ಒಂದೇ: ನಮಾಝ್ ಚಿಕ್ಕವರಿಗೆ, ಕಾವಲು ದೊಡ್ಡವರಿಗೆ. ಕಾವಲು ಬೇಕೇ ಬೇಕೆಂದರೆ ಇಬ್ಬರು ಮಾತ್ರ ಹೊರಗಿದ್ದು, ಎರಡನೇ ಜಮಾಅತ್‌ನಲ್ಲಿ ಮಕ್ಕಳ ಕಣ್ಣೆದುರೇ ನಮಾಝ್ ಮಾಡಲಿ.

ಹುಡುಗಿಯರ ಕಡೆ

ಹುಡುಗಿಯರಿಗೆ ಉಳಿದ ಮೂಲೆ ಕೊಡಬೇಡಿ. ಅಷ್ಟೇ ಒಳ್ಳೆಯ ಹಾಸು, ಬೇರೆ ವುಝೂ ಜಾಗ, ಇಮಾಮರ ದನಿ ಸ್ಪಷ್ಟವಾಗಿ ಕೇಳುವ ವ್ಯವಸ್ಥೆ ಇರಲಿ. ದನಿ ಕಡಿದರೆ ಯಾವ ರಕಅತ್ ಎಂದು ತಿಳಿಯದೆ ಇಡೀ ಸಫ್ ಗಲಿಬಿಲಿಯಾಗುತ್ತದೆ. ಸ್ಪೀಕರನ್ನು ದಿನವೂ ಪರೀಕ್ಷಿಸಿ. ಶುಚಿಯಾದ ನಮಾಝ್ ಉಡುಪು ಹತ್ತಿಪ್ಪತ್ತು ಇದ್ದರೆ ಮರೆತು ಬಂದವರಿಗೆ ಆಯಿತು, ವಾರಕ್ಕೊಮ್ಮೆ ತೊಳೆಯಬೇಕು.

ಮುಟ್ಟಿನ ದಿನಗಳಲ್ಲಿ ನಮಾಝ್‌ನಿಂದ ವಿನಾಯಿತಿ ಇದೆ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಸ್ಥಿತಿ ತರಬೇಡಿ: ಹೆಸರು ಬರೆಸುವುದು, ಬೇರೆ ಸಾಲಿನಲ್ಲಿ ಕೂರಿಸುವುದು, ‘ಯಾಕೆ ಬಂದಿಲ್ಲ’ ಎಂದು ಕೇಳುವುದು ಯಾವುದೂ ಬೇಡ. ಗ್ರಂಥಾಲಯದಂಥ ಕಡೆ ಎಲ್ಲರಿಗೂ ತೆರೆದ ಒಂದು ಶಾಂತ ಜಾಗವಿದ್ದರೆ ಅಲ್ಲಿ ಕೂತವರನ್ನು ಯಾರೂ ಬೊಟ್ಟುಮಾಡುವುದಿಲ್ಲ. ಹಯಾ (ಲಜ್ಜೆ) ಕಲಿಸಬೇಕಾದ ಜಾಗದಲ್ಲೇ ಹೆಣ್ಣುಮಗುವಿನ ಮಾನ ಕಳೆಯಬಾರದು. ಬೇರೆ ಧರ್ಮದ ಮಕ್ಕಳು ಶಾಲೆಯಲ್ಲಿದ್ದರೆ ಅವರಿಗೂ ಇದೇ ಜಾಗ ಒದಗುತ್ತದೆ. ಧರ್ಮದಲ್ಲಿ ಬಲವಂತವಿಲ್ಲ (2:256).

ನಮಾಝ್ ನಂತರದ ನಾಲ್ಕು ನಿಮಿಷ

ದಿನವೂ ಬೋಧನೆ ಬೇಡ, ವಾರಕ್ಕೆರಡು ದಿನ ಸಾಕು. ವಾರಕ್ಕೆ ಒಂದೇ ಗುಣ. ಮೊದಲ ದಿನ ಒಂದು ಆಯತ್ (ಕುರ್‌ಆನ್ ವಾಕ್ಯ) ಅಥವಾ ಹದೀಸ್ ಓದಿ, ಅದರಿಂದ ಕೈಗೆ ಸಿಗುವ ಒಂದು ಕೆಲಸ ಕೊಡಿ. ಎರಡನೇ ದಿನ ಆ ಕೆಲಸ ಏನಾಯಿತೆಂದು ಮಾತಾಡಿ. ಉದಾಹರಣೆಗೆ ದನಿ ತಗ್ಗಿಸುವ ಜ್ಞಾನಿ ಲುಕ್ಮಾನರ ಉಪದೇಶ (31:19): ಕೆಲಸ, ಊಟದ ಕೋಣೆಯಲ್ಲಿ ದೂರದವರನ್ನು ಕೂಗಿ ಕರೆಯದೆ ಹತ್ತಿರ ಹೋಗಿ ಮಾತಾಡುವುದು. ಅಮಾನತ್‌ನ ವಾರ: ಪಡೆದ ಪೆನ್ನು, ಪುಸ್ತಕ ಮರಳಿಸುವುದು. ‘ಒಳ್ಳೆಯವರಾಗಿ’ ಎಂಬ ಕೆಲಸ ಕೊಟ್ಟರೆ ಯಾರೂ ಮಾಡಲಾರರು. ತರಗತಿ ಅಧ್ಯಾಪಕರಿಗೆ ವಾರದ ಗುಣವನ್ನು ಮೊದಲೇ ತಿಳಿಸಿಡಿ, ಇಲ್ಲವಾದರೆ ಮಸೀದಿಯಲ್ಲಿ ಕೇಳಿದ್ದು ಮಸೀದಿಯಲ್ಲೇ ಉಳಿಯುತ್ತದೆ.

ಹೊರಗಿನ ಉಪನ್ಯಾಸಕರು ಬಂದರೆ ವಿಷಯ, ಅವಧಿ ಮೊದಲೇ ಬರೆದು ಒಪ್ಪಿಸಿ; ಶಾಲೆಯ ಒಬ್ಬರು ಇಡೀ ಹೊತ್ತು ಜೊತೆಗಿರಲಿ. ಯಾವ ದೊಡ್ಡವರೂ, ಉಸ್ತಾದರೇ ಆಗಿರಲಿ, ಒಂದು ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಕೂಡದು. ಕುರ್‌ಆನ್ ಪಾಠ ತೆರೆದ ಸಭಾಂಗಣದಲ್ಲೇ ನಡೆಯಲಿ. ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ಸದಕಾ ಪೆಟ್ಟಿಗೆ

ಪೆಟ್ಟಿಗೆಗೆ ಎರಡು ಬೀಗ. ಒಂದು ಕೀಲಿಕೈ ವಿದ್ಯಾರ್ಥಿಯ ಬಳಿ, ಇನ್ನೊಂದು ಅಧ್ಯಾಪಕರ ಬಳಿ. ವಾರಕ್ಕೊಮ್ಮೆ ಮೂವರ ಎದುರು ತೆರೆದು, ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಎರಡೂ ಮೊತ್ತ ತಾಳೆಯಾದ ಮೇಲೆ ಬರೆದು ಮೂವರೂ ಸಹಿ ಹಾಕಲಿ. ಬಂದದ್ದು, ಹೋದದ್ದು, ಉಳಿದದ್ದು ಮೂರು ಸಾಲು ಫಲಕದಲ್ಲಿ ಇರಲಿ. ಕೊಟ್ಟವರ ಹೆಸರು ಮಾತ್ರ ಎಂದೂ ಬೇಡ. ಝಕಾತ್ (ಕಡ್ಡಾಯ ದಾನ) ಬಂದರೆ ಬೇರೆಯೇ ಲಕೋಟೆ, ಬೇರೆಯೇ ಪುಟ: ಅದು ಹಕ್ಕುದಾರರಿಗೆ ಸೇರಿದ್ದು, ಹಾಸು ಕೊಳ್ಳಲು ಬಳಸುವಂತಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ ಎನ್ನುವ ಆಯತ್ (2:282) ಕುರ್‌ಆನ್‌ನಲ್ಲೇ ಅತಿ ಉದ್ದದ ಆಯತ್ ಎಂಬುದನ್ನು ಲೆಕ್ಕದ ಜೋಡಿಗೆ ಮೊದಲ ದಿನವೇ ತೋರಿಸಿ. ಮೊತ್ತ ತಾಳೆಯಾಗದಿದ್ದರೆ ಅಧ್ಯಾಪಕರು ತಮ್ಮ ಜೇಬಿನಿಂದ ಸರಿದೂಗಿಸದೆ, ಕೊರತೆ ಎಂದೇ ಬರೆಯಲಿ.

ತಪ್ಪಾದಾಗ, ಮತ್ತು ಅಳೆಯುವ ಬಗೆ

ಮಸೀದಿಯಲ್ಲಿ ಮೂತ್ರ ಮಾಡಿದ ಹಳ್ಳಿಗನ ಮೇಲೆ ಜನ ಎರಗಿದಾಗ ಪ್ರವಾದಿ(ಸ)ಯವರು ತಡೆದು, ಒಂದು ಬಕೆಟ್ ನೀರು ಸುರಿಯಿರಿ ಎಂದರು. ಶಾಲೆಯಲ್ಲೂ ಅದೇ ಕ್ರಮ: ಮೊದಲು ಆದದ್ದನ್ನು ಸರಿಪಡಿಸಿ, ಆಮೇಲೆ ಮಗುವನ್ನು ಪಕ್ಕಕ್ಕೆ ಕರೆದು ಎರಡೇ ಮಾತು ಹೇಳಿ. ನಮಾಝ್ ನಡುವೆ ನಕ್ಕವನನ್ನು, ಸಲಾಮ್ ಹೇಳಿ ನಮಾಝ್ ಮುಗಿದ ಕೂಡಲೇ ಎಲ್ಲರೆದುರು ಎಬ್ಬಿಸಬೇಡಿ. ಮೂರನೇ ಸಲವೂ ಹಾಗೇ ಆದರೆ ಜಾಗ ಬದಲಿಸಿ, ಒಂದು ಕೆಲಸ ಒಪ್ಪಿಸಿ. ಆಮೇಲೂ ಆಗದಿದ್ದರೆ ತಂದೆತಾಯಿಯರೊಂದಿಗೆ ಮಾತಾಡಿ.

ಹಾಜರಿ ಪುಸ್ತಕ ಮಸೀದಿಯೊಳಗೆ ಬೇಡ. ನಮಾಝ್‌ಗೆ ಅಂಕ ಕೊಟ್ಟರೆ ಮಗು ಅಂಕಕ್ಕಾಗಿ ನಮಾಝ್ ಮಾಡುತ್ತದೆ. ಅಂಕ ನಿಂತ ರಜೆಯಲ್ಲಿ ನಮಾಝೂ ನಿಲ್ಲುತ್ತದೆ. ಅಳೆಯಲು ಬೇರೆ ಗುರುತುಗಳಿವೆ. ನೀರಿನ ಮೀಟರನ್ನು ತಿಂಗಳಿಗೊಮ್ಮೆ ಓದಿ. ಚಪ್ಪಲಿ ಗೂಡಿನ ಹೊರಗೆ ಎಷ್ಟು ಜೊತೆ ಬಿದ್ದಿವೆ ಎಂದು ಎಣಿಸಿ. ಕಳೆದುಹೋದ ವಸ್ತುಗಳ ಪೆಟ್ಟಿಗೆಗೆ ಬಂದದ್ದು ಎಷ್ಟು, ಒಡೆಯನಿಗೆ ಸೇರಿದ್ದು ಎಷ್ಟು ಎಂದು ನೋಡಿ. ಎಲ್ಲಕ್ಕಿಂತ ಹೆಚ್ಚು ಹೇಳುವುದು, ಅಧ್ಯಾಪಕರ ಸಭೆಯಿಂದಾಗಿ ಯಾರೂ ಕರೆಯದ ದಿನ ತಾವಾಗಿ ಬಂದ ಮಕ್ಕಳ ಎಣಿಕೆ. ಈ ಸಂಖ್ಯೆಗಳು ನಿರ್ವಹಣೆಯ ತಂಡಕ್ಕೆ ಮಾತ್ರ. ತರಗತಿ ತರಗತಿಗಳ ನಡುವೆ ಸ್ಪರ್ಧೆ ಇಟ್ಟರೆ ಸಂಖ್ಯೆ ಚೆಂದ ಕಾಣುತ್ತದೆ, ಸುಳ್ಳಾಗುತ್ತದೆ.

ರಜೆಗೆ ಮುಂಚೆ

ದೀರ್ಘ ರಜೆಗೆ ಮೂರು ದಿನ ಮೊದಲು ಇಡೀ ತಂಡ ಸೇರಲಿ. ಹಾಸನ್ನು ಎತ್ತಿ ಕೆಳಗಿನ ನೆಲ ಒರೆಸಿ, ಪೂರ್ತಿ ಒಣಗಿದ ಮೇಲೆ ಮರಳಿ ಹಾಸಿ. ಒದ್ದೆ ಇರುವಾಗಲೇ ಮುಚ್ಚಿದರೆ ಎರಡು ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಮುಸ್‌ಹಫ್‌ಗಳ (ಕುರ್‌ಆನ್ ಪ್ರತಿಗಳ) ಪುಟ ಎಣಿಸಿ, ಹರಿದದ್ದನ್ನು ಅಂಟಿಸಿ. ಓದಲಾಗದಷ್ಟು ಹಾಳಾದವನ್ನು ಕಸಕ್ಕೆ ಹಾಕದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳಿ. ಸದಕಾ ಪೆಟ್ಟಿಗೆ ತೆರೆದು ಖಾಲಿ ಮಾಡಿ. ಮುಖ್ಯ ವಾಲ್ವ್ ಮುಚ್ಚಿ ಒಂದೊಂದೇ ನಲ್ಲಿ ತಿರುಗಿಸಿ ನೋಡಿ. ಕೆಟ್ಟ ನಲ್ಲಿ, ಸಡಿಲ ಕೊಂಡಿ, ಸುಟ್ಟ ಬಲ್ಬ್ ಎಲ್ಲವನ್ನೂ ಪುಸ್ತಕದಲ್ಲಿ ಬರೆದು, ಮುಂದಿನ ತಂಡದ ಮಕ್ಕಳು ಓದಿ ಸಹಿ ಹಾಕಿದ ಮೇಲೆ ಕೀಲಿಕೈಯನ್ನು ಅವರ ಕೈಗೇ ಕೊಡಿ.